ಗೆಳೆಯನಿಗೊಂದು ಪತ್ರ: ಪರ್ಪೆಟುವಾ ತಾನೇ ಬರೆದ ಪುಟಗಳು

ಪ್ರೀತಿಯ ಗೆಳೆಯ,

ಸಂತರ ಕಥೆಗಳಲ್ಲಿ ಎಲ್ಲರೂ ಒಂದೇ ಅಚ್ಚಿನವರು, ಯಾರಿಗೂ ಹಸಿವಿಲ್ಲ, ಅಂಜಿಕೆಯಿಲ್ಲ, ಮನೆಮಂದಿಯ ಚಿಂತೆಯಿಲ್ಲ ಎಂದು ಬರೆದಿದ್ದೆಯಲ್ಲ. ಆ ತೀರ್ಮಾನಕ್ಕೆ ಬರುವ ಮೊದಲು ನೀನು ಪರ್ಪೆಟುವಾಳನ್ನು ಓದಬೇಕು. ಅವಳ ಬಗ್ಗೆ ಬೇರೆಯವರು ಬರೆದದ್ದನ್ನಲ್ಲ, ಸೆರೆಮನೆಯಲ್ಲಿ ಕೂತು ಅವಳೇ ಬರೆದದ್ದನ್ನು.

ಕ್ರಿ.ಶ. 203, ಆಗ ರೋಮನ್ ಆಳ್ವಿಕೆಯಲ್ಲಿದ್ದ ಉತ್ತರ ಆಫ್ರಿಕಾದ ಕಾರ್ಥೇಜ್, ಈಗಿನ ಟ್ಯುನೀಷಿಯಾ. ವಿಬಿಯಾ ಪರ್ಪೆಟುವಾಗೆ ಆಗ ಸುಮಾರು 22 ವರ್ಷ. ಒಳ್ಳೆಯ ಮನೆತನ, ಓದು ಬರಹ ಬಲ್ಲವಳು, ಮದುವೆಯಾದವಳು, ಮಡಿಲಲ್ಲಿ ಮೊಲೆಹಾಲು ಕುಡಿಯುವ ಗಂಡುಕೂಸು. ಕ್ರೈಸ್ತಳಾಗಲು ಉಪದೇಶ ಪಡೆಯುತ್ತಿದ್ದವಳನ್ನು ಕೆಲವು ಸಂಗಾತಿಗಳೊಡನೆ ಹಿಡಿದರು. ಜ್ಞಾನಸ್ನಾನ, ಅಂದರೆ ಕ್ರೈಸ್ತಳಾಗುವ ನೀರಿನ ದೀಕ್ಷೆ, ಆದದ್ದು ಬಂಧನದಲ್ಲಿದ್ದಾಗಲೇ. ಗಂಡನ ಬಗ್ಗೆ ಅವಳು ಒಂದು ಮಾತೂ ಬರೆದಿಲ್ಲ.

ಸೆರೆಮನೆ ಹೊಕ್ಕವಳು ಮೊದಲು ಹೇಳುವುದು ಕತ್ತಲೆಯ ಬಗ್ಗೆ. ಅಂಥ ಕತ್ತಲೆಯನ್ನು ತಾನು ಕಂಡೇ ಇರಲಿಲ್ಲ, ಹೆದರಿದೆ ಎನ್ನುತ್ತಾಳೆ. ಜನ ಕಿಕ್ಕಿರಿದ ಸೆಕೆ, ಹಣ ಕೀಳುವ ಸೈನಿಕರು, ಎಲ್ಲಕ್ಕಿಂತ ಮಿಗಿಲಾಗಿ ಮಗುವಿನ ಚಿಂತೆ. ಟೆರ್ಷಿಯಸ್, ಪೊಂಪೋನಿಯಸ್ ಎಂಬ ಇಬ್ಬರು ಡೀಕನ್ನರು (ಕ್ರೈಸ್ತ ಸಭೆಯ ಸೇವಕರು) ಕಾವಲಿನವರಿಗೆ ಲಂಚ ಕೊಟ್ಟು ಕೆಲವು ಗಂಟೆ ಗಾಳಿಯಾಡುವ ಕಡೆ ಇರಲು ಏರ್ಪಾಡು ಮಾಡುತ್ತಾರೆ. ಅಲ್ಲಿ, ಹಸಿದು ಸೊರಗಿದ್ದ ಕೂಸಿಗೆ ಹಾಲೂಡಿಸುತ್ತಾಳೆ. ಮುಂದೆ ಮಗುವನ್ನು ತನ್ನ ಜೊತೆಗೇ ಇಟ್ಟುಕೊಳ್ಳಲು ಬಿಟ್ಟಾಗ ಆ ಸೆರೆಮನೆಯೇ ಅವಳಿಗೆ ಅರಮನೆಯಾಗುತ್ತದೆ. ಬೇರೆಲ್ಲಿ ಇರುವುದೂ ಬೇಡವಾಗುತ್ತದೆ.

ಇನ್ನು ಅವಳ ಅಪ್ಪ. ಇಡೀ ಬರಹದಲ್ಲಿ ನನ್ನನ್ನು ಬಹಳ ಕಾಡುವವನು ಅವನೇ. ಅವನು ಕ್ರೈಸ್ತನಲ್ಲ. ಮೊದಲ ಸಲ ಸಿಟ್ಟಿನಿಂದ ಮಗಳ ಮೇಲೆ ಎರಗುತ್ತಾನೆ. ಆಮೇಲೆ ಬಂದು ನನ್ನ ನರೆತ ತಲೆ ನೋಡು ಎಂದು ಬೇಡುತ್ತಾನೆ, ಕೈಗೆ ಮುತ್ತಿಡುತ್ತಾನೆ, ಕಾಲಿಗೆ ಬೀಳುತ್ತಾನೆ. ವಿಚಾರಣೆಯ ದಿನ ಮೊಮ್ಮಗನನ್ನು ಎತ್ತಿಕೊಂಡೇ ಬಂದು ನಿಲ್ಲುತ್ತಾನೆ. ಚಕ್ರವರ್ತಿಯ ಕ್ಷೇಮಕ್ಕಾಗಿ ಬಲಿ ಅರ್ಪಿಸು ಎನ್ನುತ್ತಾನೆ ಅಧಿಕಾರಿ ಹಿಲೇರಿಯಾನಸ್. ಅವಳು ಒಪ್ಪುವುದಿಲ್ಲ. ಅಪ್ಪ ಮತ್ತೆ ಅಂಗಲಾಚಿದಾಗ ಹಿಲೇರಿಯಾನಸ್ ಅವನನ್ನು ಕೆಳಗೆ ತಳ್ಳಿಸಿ ಕೋಲಿನಿಂದ ಹೊಡೆಸುತ್ತಾನೆ. ಆ ಏಟು ತನಗೇ ಬಿದ್ದಂತೆ ನೋವಾಯಿತು ಎಂದು ಪರ್ಪೆಟುವಾ ಬರೆಯುತ್ತಾಳೆ. ಅಪ್ಪನನ್ನು ಶತ್ರು ಮಾಡಿ ತೋರಿಸಿದ್ದರೆ ಧರ್ಮಕಥೆ ಸಲೀಸಾಗುತ್ತಿತ್ತು. ಅವಳು ಹಾಗೆ ಮಾಡಲಿಲ್ಲ.

ಮರಣದಂಡನೆಯ ತೀರ್ಪಾದ ಮೇಲೆ ಅಪ್ಪ ಕೂಸನ್ನು ಕಳಿಸಲಿಲ್ಲ. ಆದರೆ ಮಗು ಮತ್ತೆ ಹಾಲು ಕೇಳಲಿಲ್ಲ, ತನ್ನ ಎದೆಯೂ ಕಟ್ಟಿ ಬಾಧಿಸಲಿಲ್ಲ ಎಂದು ಅವಳು ದೇವರಿಗೆ ಕೃತಜ್ಞಳಾಗುತ್ತಾಳೆ. ಇದು ನಿಜಕ್ಕೂ ಅವಳದೇ ಬರಹವೇ ಎಂದು ಅನುಮಾನಿಸುವ ವಿದ್ವಾಂಸರಿದ್ದಾರೆ. ನಾನು ಅವಳದೇ ಎಂದು ನಂಬುವುದು ಇಂಥ ಸಾಲುಗಳಿಂದಾಗಿ.

ಅವಳ ಕನಸುಗಳಲ್ಲಿ ನನಗೆ ಮುಖ್ಯವಾದದ್ದು ತಮ್ಮ ಡಿನೋಕ್ರಾಟಿಸನದು. ಏಳು ವರ್ಷಕ್ಕೇ ಮುಖದ ಹುಣ್ಣಿನಿಂದ ಸತ್ತ ಹುಡುಗ. ಕತ್ತಲಿನಿಂದ ಹೊರಬರುತ್ತಾನೆ, ಮೈಯೆಲ್ಲ ಕೊಳೆ, ಬಾಯಾರಿದ್ದಾನೆ. ನೀರಿನ ತೊಟ್ಟಿಯ ಅಂಚು ಅವನಿಗೆ ಎಟುಕುವುದಿಲ್ಲ. ಅಕ್ಕ ಹಗಲಿರುಳು ಅತ್ತು ಪ್ರಾರ್ಥಿಸುತ್ತಾಳೆ. ಮತ್ತೆ ಕಂಡಾಗ ಹುಣ್ಣು ಮಾಯ್ದು ಕಲೆ ಉಳಿದಿದೆ, ತೊಟ್ಟಿಯ ಅಂಚು ಅವನ ಹೊಕ್ಕುಳ ಮಟ್ಟಕ್ಕೆ ಇಳಿದಿದೆ. ಕುಡಿದು ತಣಿದು ಆಡಲು ಹೋಗುತ್ತಾನೆ. ಎರಡು ಶತಮಾನ ಕಳೆದ ಮೇಲೆ, ಜ್ಞಾನಸ್ನಾನವಿಲ್ಲದೆ ಸತ್ತ ಮಕ್ಕಳಿಗೆ ಮುಕ್ತಿಯುಂಟೇ ಎಂಬ ವಾದದಲ್ಲಿ ಒಬ್ಬರು ಈ ಕನಸನ್ನೇ ಆಧಾರವಾಗಿ ಹಿಡಿದರು. ಈ ಬರಹ ಪವಿತ್ರ ಗ್ರಂಥದ ಭಾಗವಲ್ಲ, ಹುಡುಗನಿಗೆ ಜ್ಞಾನಸ್ನಾನ ಆಗಿದ್ದಿರಬಹುದು ಎಂದು ಸಂತ ಅಗಸ್ಟೀನ್ ಉತ್ತರಿಸಬೇಕಾಯಿತು. ಅದೇ ಅಗಸ್ಟೀನ್ ಅವಳ ಹಬ್ಬದ ದಿನ ಪ್ರವಚನವನ್ನೂ ಕೊಟ್ಟವನು.

ಜನರ ಮುಂದೆ ಮೃಗಗಳಿಗೆ ಒಡ್ಡಿ ಕೊಲ್ಲುವ ಕಣಕ್ಕೆ ಇಳಿಯುವ ಹಿಂದಿನ ದಿನದವರೆಗಿನದನ್ನು ಬರೆದು, ಮುಂದಿನದನ್ನು ಬೇಕಾದವರು ಬರೆಯಲಿ ಎಂದು ಅವಳು ನಿಲ್ಲಿಸುತ್ತಾಳೆ. ಯಾರೋ ಬರೆದರು, ಹೆಸರು ಉಳಿದಿಲ್ಲ. ಮಾರ್ಚ್ 7ರಂದು, ರಾಜಕುಮಾರ ಗೆಟಾನ ಹುಟ್ಟುಹಬ್ಬದ ಆಟಗಳಲ್ಲಿ ರೊಚ್ಚಿಗೆದ್ದ ಹಸುವನ್ನು ಅವಳ ಮೇಲೆ ಬಿಟ್ಟದ್ದು, ಕೊನೆಗೆ ಕತ್ತಿ ಹಿಡಿದ ಗ್ಲಾಡಿಯೇಟರನ (ಕಣದ ಕಾಳಗದವನ) ನಡುಗುವ ಕೈಯನ್ನು ಅವಳೇ ತನ್ನ ಕೊರಳಿಗೆ ತಂದುಕೊಂಡದ್ದು, ಎಲ್ಲ ಆ ಇನ್ನೊಬ್ಬರು ಬರೆದದ್ದು. ಅಲ್ಲಿಂದ ಮುಂದೆ ನೀನು ದೂರಿದ ಆ ಸಂತರ ಮುಖ ಕಾಣತೊಡಗುತ್ತದೆ, ನಿಜ.

ಜೊತೆಗೇ ಸತ್ತ ಫೆಲಿಸಿಟಿ ದಾಸಿ. ಅವಳ ಕೈಬರಹ ಯಾವುದೂ ಇಲ್ಲ. ಎಂಟು ತಿಂಗಳ ಬಸುರಿ. ಬಸುರಿಯರನ್ನು ಕೊಲ್ಲಬಾರದೆಂಬ ಕಾನೂನಿತ್ತು, ಸಂಗಾತಿಗಳಿಂದ ಎಲ್ಲಿ ಬೇರೆಯಾಗುತ್ತೇನೋ ಎಂಬುದೇ ಅವಳ ಚಿಂತೆ. ಸೆರೆಯಲ್ಲೇ ಹೆತ್ತಳು. ಹೆಣ್ಣುಮಗು. ಕ್ರೈಸ್ತ ಸಭೆಯ ಒಬ್ಬ ಸಹೋದರಿ ಅದನ್ನು ಮಗಳಂತೆ ಸಾಕಿದಳು. ಹೆರಿಗೆ ನೋವಿನಲ್ಲಿ ನರಳಿದವಳನ್ನು ಕಾವಲಿನವನೊಬ್ಬ ಹಂಗಿಸಿದಾಗ ಅವಳು ಕೊಟ್ಟ ಉತ್ತರ ಹೀಗಿತ್ತು: ಈಗಿನ ನೋವು ನನ್ನದು, ಅಲ್ಲಿ ಕಣದಲ್ಲಿ ನನ್ನೊಳಗೆ ಇನ್ನೊಬ್ಬನಿದ್ದು ನನಗಾಗಿ ಅನುಭವಿಸುತ್ತಾನೆ. ನಮಗೆ ಸಿಗುವ ಅವಳ ದನಿ ಹೆಚ್ಚುಕಡಿಮೆ ಇಷ್ಟೇ, ಅದೂ ಬೇರೆಯವರ ಕೈ ದಾಟಿ ಬಂದದ್ದು.

ಇವೆಲ್ಲ ಸೇರಿದ ಪುಸ್ತಕ ಚಿಕ್ಕದು, 21 ಅಧ್ಯಾಯ. ಮೂರರಿಂದ ಹತ್ತರವರೆಗಿನದು ಪರ್ಪೆಟುವಾಳದು. ಅದನ್ನಷ್ಟೇ ಮೊದಲು ಓದು, ಮುನ್ನುಡಿಯನ್ನೂ ಬಿಟ್ಟುಬಿಡು. ಆಮೇಲೆ ಆ ಅಪ್ಪನ ಬಗ್ಗೆ ನಿನಗೇನನ್ನಿಸಿತು ಎಂದು ಬರೆ. ಮನೆಯಲ್ಲಿ ಎಲ್ಲರನ್ನೂ ಕೇಳಿದೆ ಎಂದು ಹೇಳು.

ನಿನ್ನ ಗೆಳೆಯ