ಕ್ಯಾಂಪಿನ ಬಸ್ಸಿನಲ್ಲಿ ಕನ್ನಡ ಮೇಷ್ಟ್ರಿಗೂ ಒಂದು ಸೀಟು

ಮಾನ್ಯ ಸಂಪಾದಕರೇ,

ನಮ್ಮಣ್ಣನ ಮೊಮ್ಮಗಳು ಎಂಜಿನಿಯರಿಂಗ್ ಕಾಲೇಜಿಗೆಂದು ತುಮಕೂರಿನ ನಮ್ಮ ಮನೆಯಲ್ಲಿದ್ದಾಳೆ. ಕಂಪ್ಯೂಟರ್ ಸೈನ್ಸ್, ಎರಡನೇ ವರ್ಷ. ಹೋದ ವರ್ಷ ಒಂದು ರಾತ್ರಿ ಹತ್ತೂವರೆಯಲ್ಲಿ ಮೊಬೈಲ್ ಹಿಡಿದು ಏನೋ ಮಣಮಣ ಎನ್ನುತ್ತಿದ್ದಳು. ಕಿವಿಗೊಟ್ಟು ಕೇಳಿದೆ. 'ಕೂಡಲಸಂಗಮದೇವ ಬಿ, ಚೆನ್ನಮಲ್ಲಿಕಾರ್ಜುನ ಡಿ...' ಮರುದಿನ ಸಾಂಸ್ಕೃತಿಕ ಕನ್ನಡದ ಪರೀಕ್ಷೆಯಂತೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಕ್ವೆಶ್ಚನ್ ಬ್ಯಾಂಕಿನಿಂದ ಉತ್ತರವನ್ನಲ್ಲ, ಉತ್ತರದ ಅಕ್ಷರವನ್ನು ಉರು ಹೊಡೆಯುತ್ತಿದ್ದಳು. 'ಒಂದು ವಚನವನ್ನಾದರೂ ಪೂರ್ತಿ ಓದಿದೀಯೇನಮ್ಮ?' ಎಂದೆ. 'ತಾತ, ಒಂದು ಕ್ರೆಡಿಟ್‌ಗೆ ಇಷ್ಟೇ ಓದೋದು' ಎಂದಳು. ಕ್ರೆಡಿಟ್ ಎಂದರೆ ಪದವಿಯಲ್ಲಿ ಒಂದು ವಿಷಯಕ್ಕೆ ಕೊಡುವ ತೂಕ. ಹುಡುಗಿಯ ಲೆಕ್ಕ ತಪ್ಪಲ್ಲ. ಸಂವಿಧಾನಕ್ಕೂ ಒಂದು ಕ್ರೆಡಿಟ್, ಮಾನವೀಯ ಮೌಲ್ಯಕ್ಕೂ ಒಂದು ಕ್ರೆಡಿಟ್. ಮೌಲ್ಯವನ್ನು ಎ ಬಿ ಸಿ ಡಿಯಲ್ಲಿ ಆರಿಸಿ ಉತ್ತರಪತ್ರಿಕೆಯ ವೃತ್ತ ತುಂಬಿದರೆ ಆಯಿತು.

ಎಂಜಿನಿಯರಿಂಗ್ ಓದುವವರಿಗೆ ಮಾನವಿಕ ವಿಷಯಗಳೂ ಬೇಕು, ಎಲ್ಲವನ್ನೂ ಬೆಸೆದು ಕಲಿಸಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಐಐಟಿಗಳ ಹೆಸರು ಹಿಡಿದೇ ಹೇಳಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಾರ್ವಿ ಮಡ್ ಎಂಬ ಕಾಲೇಜು 1955ರಲ್ಲಿ ಹುಟ್ಟಿದ್ದೇ ಈ ಉದ್ದೇಶಕ್ಕೆ. ಇವು ಪತ್ರಿಕೆ ಓದುವವರಿಗೆಲ್ಲ ಗೊತ್ತಿರುವ ಸಂಗತಿ. ನಾನು ಹೇಳಬೇಕಾಗಿರುವುದು ನಾನೇ ಮಾಡಿದ ಒಂದು ಕೆಲಸದ ಕಥೆ.

1984. ಕೆಲಸಕ್ಕೆ ಸೇರಿ ಎರಡು ವರ್ಷ, ಜೂನಿಯರ್ ಎಂಜಿನಿಯರ್. ಇದೇ ಜಿಲ್ಲೆಯ ಒಂದು ಕೆರೆಯಲ್ಲಿ ಗದ್ದೆಗೆ ನೀರು ಬಿಡುವ ಹಳೆಯ ಕಲ್ಲುತೂಬು ಕಿತ್ತು ತಿರುಪಿನ ಗೇಟು ಕೂರಿಸುವ ಕೆಲಸ ನನಗೆ ಬಂತು. ಲೆವೆಲ್ ತೆಗೆದು ನೋಡಿದರೆ ತೂಬಿನ ತಳ ಕೆರೆಯ ಅಂಗಳಕ್ಕಿಂತ ಬಹಳ ಮೇಲಿತ್ತು. ಒಂದೂವರೆ ಅಡಿ ತಗ್ಗಿಸಿದರೆ ಅಚ್ಚುಕಟ್ಟಿನ ಇನ್ನೂ 14 ಎಕರೆಗೆ ನೀರು ಕೊಡಬಹುದು ಎಂದು ಲೆಕ್ಕ ಬಂತು. ಎಸ್ಟಿಮೇಟಿನಲ್ಲಿ ಬರೆದೆ. ಮೇಲಿನವರು ಬೆನ್ನು ತಟ್ಟಿದರು.

ಆ ಕೆರೆಗೆ, ತೂಬು ತೆರೆದು ನೀರು ಹಂಚುವ ಒಬ್ಬ ನೀರುಗಂಟಿ ಇದ್ದರು. ನನ್ನ ತಂದೆಯ ವಯಸ್ಸು. ಕಾಂಕ್ರೀಟ್ ಹಾಕುವ ಹಿಂದಿನ ದಿನ ಏರಿಯ ಮೇಲೆ ನಿಂತು, 'ಬುದ್ಧೀ, ತೂಬನ್ನ ಅಷ್ಟು ತಗ್ಗಿಗೆ ಇಟ್ರೆ ಬ್ಯಾಸ್ಗೇಲಿ ಹಟ್ಟಿಯೋರು ಏನ್ ಮಾಡ್ಬೇಕು?' ಎಂದರು. 'ಅದೆಲ್ಲ ನಿನಗೆ ಗೊತ್ತಾಗಲ್ಲ, ಬಿಡಪ್ಪ' ಎಂದೆ. ಏಕವಚನದಲ್ಲೇ.

ಹಟ್ಟಿ ಎಂದರೆ ಕೆರೆಯ ಆಚೆ ದಡದ ಗೊಲ್ಲರಹಟ್ಟಿ. ಕುರಿ ಸಾಕುವವರು. ಅಚ್ಚುಕಟ್ಟಿನಲ್ಲಿ ಅವರಿಗೆ ಒಂದು ಗುಂಟೆ ಜಮೀನೂ ಇರಲಿಲ್ಲ. ಹಾಗಾಗಿ ನನ್ನ ಕಡತದಲ್ಲಿ ಅವರು ಇರಲೇ ಇಲ್ಲ. ಖಾತೆದಾರರ ಪಟ್ಟಿ, ಸರ್ವೆ ನಂಬರು, ಬೆಳೆಯ ವಿವರ ಎಲ್ಲ ಇತ್ತು. ಕೆರೆಯ ನೀರು ಬಳಸುವವರೆಂದರೆ ಜಮೀನು ಇರುವವರು ಎಂದೇ ನಾನು ನಂಬಿದ್ದೆ. ತೂಬಿನ ಕೆಳಗೆ ಉಳಿಯುವ ನೀರಿಗೆ ನಾವು ಎಂಜಿನಿಯರುಗಳು ಡೆಡ್ ಸ್ಟೋರೇಜ್ ಎನ್ನುತ್ತೇವೆ. ಏಪ್ರಿಲ್, ಮೇ ತಿಂಗಳಲ್ಲಿ ಹಟ್ಟಿಯ ಕುರಿಗಳು ಕುಡಿಯುತ್ತಿದ್ದದ್ದು ಅದನ್ನೇ. ಮರುವರ್ಷ ಶಿವರಾತ್ರಿ ಕಳೆದು ಹದಿನೈದು ದಿನಕ್ಕೆಲ್ಲ ಕೆರೆಯ ಅಂಗಳ ಬಿರುಕುಬಿಟ್ಟಿತು. ಹಟ್ಟಿಯವರು ಕುರಿ ಹೊಡೆದುಕೊಂಡು ಬೇರೆ ಕಡೆಗೆ ಹೋದರು ಎಂದು ಕೇಳಿದೆ. ಅಷ್ಟು ಹೊತ್ತಿಗೆ ನನಗೆ ವರ್ಗವಾಗಿತ್ತು. ಕಡತದ ಪ್ರಕಾರ ಕಾಮಗಾರಿ ಇವತ್ತಿಗೂ ಯಶಸ್ವಿ.

ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ, ಬೇಕಾದರೆ ಈಗಲೂ ಮಾಡಿ ತೋರಿಸುತ್ತೇನೆ. ಯಾರನ್ನು ಕೇಳಬೇಕು, ಯಾರ ಹೆಸರು ದಾಖಲೆಯಲ್ಲಿ ಬರುವುದಿಲ್ಲ, ಯಾಕೆ ಬರುವುದಿಲ್ಲ ಎಂಬ ಪ್ರಶ್ನೆ ಮಾತ್ರ ಐದು ವರ್ಷದ ಓದಿನಲ್ಲಿ ಒಂದು ದಿನವೂ ಎದುರಾಗಿರಲಿಲ್ಲ. ಸಾಹಿತ್ಯ, ಇತಿಹಾಸ ಓದಿದವರೆಲ್ಲ ಸಜ್ಜನರಾಗುತ್ತಾರೆ ಎಂದು ನಾನು ವಾದಿಸುತ್ತಿಲ್ಲ. ಕುಮಾರವ್ಯಾಸನನ್ನು ಬಾಯಿಪಾಠ ಹೇಳುತ್ತಲೇ ಬಿಲ್ಲಿಗೆ ಪರ್ಸೆಂಟೇಜ್ ಕೇಳುತ್ತಿದ್ದ ಮೇಲಧಿಕಾರಿಯ ಕೈಕೆಳಗೆ ಮೂರು ವರ್ಷ ದುಡಿದಿದ್ದೇನೆ. ನನಗೆ ಬೇಕಾಗಿದ್ದದ್ದು ಸದ್ಗುಣವಲ್ಲ, ಕೇಳುವ ಅಭ್ಯಾಸ. ಅದನ್ನು ಕಲಿಸಬಹುದು, ಲ್ಯಾಬಿನಲ್ಲಿ ಸಿಮೆಂಟ್ ಪರೀಕ್ಷೆ ಮಾಡುವುದನ್ನು ಕಲಿಸಿದ ಹಾಗೆಯೇ.

ಪ್ರತಿ ಸೆಪ್ಟೆಂಬರ್ 15ಕ್ಕೆ ವಿಶ್ವೇಶ್ವರಯ್ಯನವರ ಪಟಕ್ಕೆ ಹಾರ ಹಾಕಿ ಪುಣೆ ಬಳಿಯ ಖಡಕ್‌ವಾಸ್ಲಾ ಅಣೆಕಟ್ಟಿನ ಗೇಟು, ಕನ್ನಂಬಾಡಿಯ ಕಟ್ಟೆ ಎಂದು ಭಾಷಣ ಮಾಡುತ್ತೇವೆ. ಅವರು 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿಯೇ ಎಂಜಿನಿಯರಿಂಗ್‌ಗೆ ಪುಣೆಗೆ ಹೋದವರು ಎಂಬುದನ್ನು ವೇದಿಕೆಯ ಮೇಲೆ ಯಾರೂ ಹೇಳಿದ್ದು ನಾನು ಕೇಳಿಲ್ಲ. ಗೇಟಿನಷ್ಟೇ ದೊಡ್ಡ ಕೆಲಸ ಪುಣೆ ಕಡೆಯ ನೀರಾ ಕಾಲುವೆಯಲ್ಲಿ ಅವರು ತಂದ ಬ್ಲಾಕ್ ಪದ್ಧತಿ. ಕಬ್ಬಿನವರೇ ನೀರನ್ನೆಲ್ಲ ಹೀರದಂತೆ, ಹೆಚ್ಚು ಹಳ್ಳಿಗಳಿಗೆ ಸರದಿಯ ಮೇಲೆ ಹಂಚುವ ಏರ್ಪಾಡು ಅದು. ಅದರಲ್ಲಿ ಕಬ್ಬಿಣ, ಗಾರೆಗಿಂತ ಮನುಷ್ಯರ ವ್ಯವಹಾರವೇ ಜಾಸ್ತಿ. ಎಲ್ಲಕ್ಕೂ ಬಿ.ಎ. ಪದವಿಯೇ ಕಾರಣ ಎಂದರೆ ಅತಿಯಾಗುತ್ತದೆ, ನಿಜ. ಆದರೂ ಅವರು ದಿವಾನರಾಗಿದ್ದ ಕಾಲದ ಇಸವಿಗಳನ್ನು ಒಮ್ಮೆ ಸಾಲಾಗಿ ನೋಡಿ. ಕನ್ನಡ ಸಾಹಿತ್ಯ ಪರಿಷತ್ತು 1915, ಮೈಸೂರು ವಿಶ್ವವಿದ್ಯಾಲಯ 1916, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು 1917.

'ಅದು ಕೆರೆ ಕಾಲುವೆಯ ಕಾಲ, ನಮ್ಮ ಮಕ್ಕಳು ಕೋಡಿಂಗ್ ಮಾಡುವವರು' ಎನ್ನುವ ಪೋಷಕರಿಗೆ ಒಂದು ಮಾತು. ಮೊನ್ನೆ ಇದೇ ಹುಡುಗಿ ತನ್ನ ಮಿನಿ ಪ್ರಾಜೆಕ್ಟ್ ತೋರಿಸಿದಳು. ಹಳ್ಳಿಯವರಿಗೆ ಮೇವು, ಜಾನುವಾರು ಲಸಿಕೆಯ ಮಾಹಿತಿ ಕೊಡುವ ಆ್ಯಪ್. ಚೆನ್ನಾಗಿಯೇ ಮಾಡಿದ್ದಾಳೆ. ನೋಂದಣಿಯ ಮೊದಲ ಪುಟದಲ್ಲಿ 'ಸರ್ವೆ ನಂಬರ್' ಎಂಬ ಚೌಕ, ಪಕ್ಕದಲ್ಲಿ ಕೆಂಪು ನಕ್ಷತ್ರ, ಅಂದರೆ ತುಂಬಲೇಬೇಕು. ಜಮೀನಿಲ್ಲದ ಕುರಿಯವರು ಇಲ್ಲಿ ಏನು ಬರೆಯಬೇಕಮ್ಮ ಎಂದೆ. ಸುಮ್ಮನಾದಳು. ನನ್ನ ಮೈ ಜುಮ್ಮೆಂದಿತು. ನಲವತ್ತು ವರ್ಷದ ಮೇಲೆ, ಇನ್ನೊಂದು ಬ್ರಾಂಚಿನಲ್ಲಿ, ಅದೇ ತೂಬು.

ಹೊಸ ವಿಭಾಗ, ಹೊಸ ಕಟ್ಟಡ ಯಾವುದೂ ಬೇಡ. ಸಿವಿಲ್ ವಿದ್ಯಾರ್ಥಿಗಳಿಗೆ ಸರ್ವೆ ಕ್ಯಾಂಪ್ ಇದ್ದೇ ಇದೆ, ಅದರಲ್ಲಿ ಹಳೆ ಕೆರೆಯ ಪ್ರಾಜೆಕ್ಟೂ ಇದೆ. ನಾವೂ ಹೋಗಿದ್ದೆವು. ಏರಿ, ಕೋಡಿ, ತೂಬು ಎಲ್ಲ ಅಳೆದೆವು, ಟೀ ಅಂಗಡಿಯವನನ್ನು ಬಿಟ್ಟು ಊರಿನ ಇನ್ನೊಬ್ಬರನ್ನು ಮಾತಾಡಿಸಲಿಲ್ಲ. ಆ ಕ್ಯಾಂಪಿಗೆ ಕನ್ನಡದ ಅಥವಾ ಇತಿಹಾಸದ ಒಬ್ಬ ಅಧ್ಯಾಪಕರನ್ನೂ ಕರೆದುಕೊಂಡು ಹೋಗಲಿ. ತೂಬಿನ ಬಳಿ ಶಾಸನವಿದ್ದರೆ ಓದಿಸಲಿ. ಕೆರೆಯ ನೀರು ಯಾರ ಯಾರಿಗೆ, ಯಾವ ತಿಂಗಳು, ಯಾತಕ್ಕೆ ಬೇಕು ಎಂದು ಪ್ರತಿ ಹುಡುಗನೂ ಹುಡುಗಿಯೂ ಮನೆಮನೆಗೆ ಹೋಗಿ ಕೇಳಿ, ಹತ್ತು ಪುಟ ಕನ್ನಡದಲ್ಲಿ ಬರೆಯಲಿ. ಕನ್ನಡ ಬರದ ಹೊರರಾಜ್ಯದವರು ಗೆಳೆಯರ ಜೊತೆ ಕೂತು ತಪ್ಪುತಪ್ಪಾಗಿಯಾದರೂ ಬರೆಯಲಿ. ಸಾಂಸ್ಕೃತಿಕ ಕನ್ನಡದ ಆ ಒಂದು ಕ್ರೆಡಿಟ್ಟನ್ನು ಇದಕ್ಕೇ ಕೊಡಿ. ಕಂಪ್ಯೂಟರಿನವರಿಗೆ ಕೆರೆಯ ಬದಲು ತಾಲ್ಲೂಕು ಕಚೇರಿಯ ಕೌಂಟರಿನ ಮುಂದಿನ ಸಾಲು ಸಾಕು. ಅಲ್ಲಿ ಎರಡು ದಿನ ನಿಂತು, ಯಾರು ಕೆಲಸವಾಗದೆ ವಾಪಸ್ ಹೋಗುತ್ತಾರೆ ಎಂದು ಬರೆದು ತರಲಿ.

ಖರ್ಚಿನ ಮಾತು ಬಂದೇ ಬರುತ್ತದೆ. ಕ್ಯಾಂಪಿನ ಬಸ್ಸು ಹೇಗೂ ಹೊರಡುತ್ತದೆ. ಕನ್ನಡ ಮೇಷ್ಟ್ರಿಗೆ ಒಂದು ಸೀಟು, ಎರಡು ಹೊತ್ತು ಊಟ.

– ನಿವೃತ್ತ ಸಹಾಯಕ ಕಾರ್ಯಪಾಲಕ ಎಂಜಿನಿಯರ್, ತುಮಕೂರು