ಕೆರೆಯಂಚಿನ ಕೆಸರಿಗೂ ಜಾಗ ಇರಲಿ

ಮಾನ್ಯ ಸಂಪಾದಕರೇ,

ಕೆರೆ ತುಂಬಿ ಕೋಡಿ ಬಿದ್ದಾಗ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಪೂರ್ತಿ ಬತ್ತಿ ನೆಲ ಬಿರುಕು ಬಿಟ್ಟಾಗಲೂ ಬರುತ್ತದೆ. ಈ ಎರಡರ ನಡುವೆ, ನೀರು ದಿನಾ ಒಂದಿಷ್ಟು ಹಿಂದೆ ಸರಿಯುವ ತಿಂಗಳುಗಳ ಬಗ್ಗೆ ಮಾತ್ರ ಓದಲು ಸಿಗುವುದು ಅಪರೂಪ. ಹಳ್ಳಿಗಾಡಿನ ಕೆರೆಯಲ್ಲಿ ಜಾಸ್ತಿ ಓಡಾಟ ಇರುವುದೇ ಆಗ.

ನೀರು ಇಳಿದಂತೆ ಅಂಚಿನಲ್ಲಿ ಕೆಸರಿನ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಗೊರವ, ಉಲ್ಲಂಕಿಯಂಥ ಹಕ್ಕಿಗಳಿಗೆ ಬೇಕಾದ ಜಾಗ ಇದೇ. ಆಳದ ನೀರಲ್ಲಿ ಅವು ನಿಲ್ಲಲಾರವು, ಗಟ್ಟಿ ನೆಲಕ್ಕೆ ಕೊಕ್ಕು ಇಳಿಯುವುದಿಲ್ಲ. ದೂರದಿಂದ ಬರುವ ಹಕ್ಕಿಗಳಲ್ಲಿ ಬಹುಪಾಲು ಹಗಲಿನ ಉದ್ದ ಬದಲಾಗುವುದನ್ನು ಗುರುತಿಸಿ ಹೊರಡುತ್ತವೆ. ಆ ಲೆಕ್ಕ ಯಾವ ವರ್ಷವೂ ತಪ್ಪುವುದಿಲ್ಲ. ಮಳೆಗೆ ಅಂಥ ಲೆಕ್ಕ ಇಲ್ಲವಲ್ಲ! ಮಳೆ ಹಿಂದೆಮುಂದಾದರೆ, ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿಗೆ ಕಾಲೂರಲು ಕೆಸರೇ ಸಿಗದೆ ಹೋಗಬಹುದು.

ಆ ಕೆಸರಲ್ಲಿ ಏನಿದೆ ಅಂತ ಚಾರ್ಲ್ಸ್ ಡಾರ್ವಿನ್ ಒಮ್ಮೆ ಎಣಿಸಿಯೇ ನೋಡಿದ್ದರು. ಪುಟ್ಟ ಕೊಳವೊಂದರ ಅಂಚಿನಿಂದ ಮೂರು ದೊಡ್ಡ ಚಮಚ ಕೆಸರು ತಂದರು. ಒಣಗಿದಾಗ ಅದರ ತೂಕ ಸುಮಾರು 190 ಗ್ರಾಂ ಅಷ್ಟೇ. 6 ತಿಂಗಳು ಮುಚ್ಚಿಟ್ಟು, ಮೊಳೆತ ಸಸಿಗಳನ್ನು ಒಂದೊಂದಾಗಿ ಕಿತ್ತು ಎಣಿಸಿದರು. ಸಿಕ್ಕಿದ್ದು 537! ಬೀಜಗಳ ಜೊತೆಗೆ ನೀರಿನ ಸಣ್ಣಸಣ್ಣ ಜೀವಿಗಳ ಮೊಟ್ಟೆಗಳೂ ಒಣ ಕೆಸರಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ನೀರು ಬಂತೆಂದರೆ ಒಡೆದು ಮರಿಯಾಗುತ್ತವೆ, ಮೀನುಮರಿಗಳ ಹೊಟ್ಟೆ ತುಂಬುತ್ತದೆ. ಕೆಸರು ಒಣಗಿ ಒಳಗೆ ಗಾಳಿಯಾಡಿದಾಗ ಕೊಳೆತ ಎಲೆ, ಕಡ್ಡಿಗಳೂ ಬೇಗ ಗೊಬ್ಬರವಾಗುತ್ತವೆ.

ಇಷ್ಟೆಲ್ಲ ಇರುವ ಅಂಚನ್ನು ಕೆರೆ ಅಭಿವೃದ್ಧಿಯ ಹೆಸರಲ್ಲಿ ಅಗೆದು, ಸುತ್ತ ನೇರವಾಗಿ ಕಲ್ಲಿನ ಗೋಡೆ ಎಬ್ಬಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನೋಡಲು ಅಚ್ಚುಕಟ್ಟು, ನಿಜ. ಆದರೆ ಗೋಡೆಯ ಪಕ್ಕ ನೀರು ಎಷ್ಟೇ ಇಳಿದರೂ ಕೆಸರಿನ ಪಟ್ಟಿ ಮೂಡುವುದಿಲ್ಲ. ಜೊಂಡು ಬೇರೂರುವುದಿಲ್ಲ, ಕಪ್ಪೆ ಹತ್ತಿ ಬರಲು ಇಳಿಜಾರೂ ಇರುವುದಿಲ್ಲ.

ಕೆರೆ ಬತ್ತುವುದೆಲ್ಲ ಒಳ್ಳೆಯದು ಅಂತ ಹೇಳುತ್ತಿಲ್ಲ. ನೀರು ಬರುವ ಕಾಲುವೆ ಮುಚ್ಚಿಹೋಗಿ, ಇದ್ದ ನೀರನ್ನೂ ಪಂಪು ಹಚ್ಚಿ ಎತ್ತಿ ಬರಿದಾದ ಕೆರೆಯ ಕತೆ ಬೇರೆ. ಅಲ್ಲಿ ಕಾಲುವೆ ಬಿಡಿಸುವ ಕೆಲಸ ಮೊದಲು ಆಗಬೇಕು.

ಏರಿ ಕುಸಿಯುವ ಕಡೆ ಕಲ್ಲು ಕಟ್ಟಲಿ. ಉಳಿದ ಕಡೆ ಮಣ್ಣಿನ ಇಳಿಜಾರು ಹಾಗೇ ಇರಲಿ. ಯಾವ ಕಾಲದಲ್ಲಿ ನೀರು ಎಲ್ಲಿಯವರೆಗೆ ಇಳಿಯುತ್ತದೆ ಎಂದು ದಡದ ಜನರನ್ನು ಕೇಳಿಯೇ ಯೋಜನೆಯ ನಕ್ಷೆ ಬರೆಯಲಿ. ನಿಮ್ಮಲ್ಲೂ ಒಂದು ಕೋರಿಕೆ: ಕೆರೆ ಅರ್ಧ ಇಳಿದಿರುವಾಗಲೂ ಛಾಯಾಗ್ರಾಹಕರನ್ನು ಒಮ್ಮೆ ದಡಕ್ಕೆ ಕಳಿಸಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ