‘ಏನೂ ಆಗಿಲ್ಲ’ ಎನ್ನುವ ಮುಂಚೆ

ಚಿರಂಜೀವಿ ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಶಿರಸಿಯ ಮಳೆಗಾಲದಲ್ಲಿ ಫೋಟೋ ಸ್ಟುಡಿಯೊ ನಡೆಸುವವನಿಗೆ ಕರೆಂಟಿನ ಕಾಟವನ್ನು ನಾನು ವಿವರಿಸಬೇಕಾಗಿಲ್ಲ. ಮದುವೆ ಆಲ್ಬಮ್ ಮಾಡುತ್ತಿದ್ದಾಗ ಕಂಪ್ಯೂಟರ್ ಧಡಕ್ಕನೆ ಆರಿಹೋಯಿತು, ಮತ್ತೆ ಆನ್ ಮಾಡಿದರೆ ಸರಿಯಾಗಿಯೇ ಬಂತು, ಏನೂ ಆಗಿಲ್ಲ ಎಂದು ನಿನ್ನ ಅಮ್ಮನಿಗೆ ಹೇಳಿದೆಯಂತೆ. ಅಷ್ಟು ಬೇಗ ನಿಶ್ಚಿಂತನಾಗಬೇಡ.

ಸೇವ್ ಒತ್ತಿದ ಕೂಡಲೇ ಫೈಲು ಡಿಸ್ಕಿಗೆ ಹೋಗಿ ಕೂರುವುದಿಲ್ಲ. ಕೆಲಸ ಚುರುಕಾಗಲೆಂದು ಅದು ಮೊದಲು ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್‌ನಲ್ಲಿ ನಿಲ್ಲುತ್ತದೆ. ಡಿಸ್ಕಿಗೆ ಹೋದ ಮೇಲೂ ಅದರೊಳಗಿನ ಪುಟ್ಟ ಮೆಮೊರಿಯಲ್ಲಿ ಸ್ವಲ್ಪ ಹೊತ್ತು ತಂಗಿರಬಹುದು. ಆ ನಡುವೆ ಕರೆಂಟು ಹೋದರೆ ಅದಷ್ಟೂ ಅಳಿಸಿದಂತೆಯೇ. ಫೋಟೋದ ತುಣುಕು ಕಳೆದರೆ ಹೋದದ್ದು ಒಂದು ಫೋಟೋ. ಯಾವ ಫೈಲು ಎಲ್ಲಿದೆ ಎಂಬ ಪಟ್ಟಿಯೇ ಅರ್ಧಕ್ಕೆ ನಿಂತರೆ ಇಡೀ ಫೋಲ್ಡರೇ ಮಾಯವಾಗಬಹುದು.

ಪಟ್ಟಿ ಕೆಡದಂತೆ ಕಾಯಲು 1993ರಿಂದಲೇ ವಿಂಡೋಸ್ ಎನ್‌ಟಿಯ ಎನ್‌ಟಿಎಫ್‌ಎಸ್‌ನಲ್ಲಿ ಜರ್ನಲ್ ಎಂಬ ವ್ಯವಸ್ಥೆ ಇದೆ. ಎನ್‌ಟಿಎಫ್‌ಎಸ್ ಎಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವಿಂಡೋಸಿನ ಪದ್ಧತಿ. ಅಂಗಡಿಯವರು ಕಚ್ಚಾ ಪುಸ್ತಕದಲ್ಲಿ ಗೀಚಿಕೊಂಡು ಆಮೇಲೆ ಖಾತೆಗೆ ಏರಿಸುವ ಹಾಗೆ, ಮಾಡಲಿರುವ ಬದಲಾವಣೆಯನ್ನು ಅದು ಮೊದಲು ಬರೆದುಕೊಳ್ಳುತ್ತದೆ. ನಡುವೆ ಕೈಕೊಟ್ಟರೆ ಮುಂದಿನ ಸಲ ಅದನ್ನು ನೋಡಿ ಪಟ್ಟಿಯನ್ನು ಸರಿಮಾಡಿಕೊಳ್ಳುತ್ತದೆ. ಗಮನಿಸು, ಸರಿಯಾಗುವುದು ಪಟ್ಟಿ ಮಾತ್ರ. ಫೋಟೋದ ಒಳಗಿನದಕ್ಕೆ ಜರ್ನಲ್ ಹೊಣೆಯಲ್ಲ. ಆದ್ದರಿಂದ ವಿಂಡೋಸ್ ಎದ್ದು ಬಂದಿತೆಂದರೆ ಪಟ್ಟಿ ನೆಟ್ಟಗಿದೆ ಎಂದಷ್ಟೇ ಅರ್ಥ. ಕರೆಂಟು ಹೋದಾಗ ಕೈಯಲ್ಲಿದ್ದ ಫೋಟೋಗಳನ್ನು ಒಂದೊಂದಾಗಿ ತೆರೆದು ನೋಡು. ಫೈಲಿನ ಗಾತ್ರ ಸರಿಯಾಗಿಯೇ ಇದ್ದು, ವಧುವಿನ ಕತ್ತಿನಿಂದ ಕೆಳಗೆ ಬರೀ ಬೂದು ಬಣ್ಣ ಇರುವುದುಂಟು.

ಇನ್ನು ನಿನ್ನ ಎಕ್ಸ್‌ಫ್ಯಾಟ್ ಡಿಸ್ಕು. ಮ್ಯಾಕ್‌ನಲ್ಲೂ ತೆರೆಯಲಿ ಎಂದು ಹಾಗೆ ಫಾರ್ಮ್ಯಾಟ್ ಮಾಡಿದೆಯಲ್ಲ, ಆ ಪದ್ಧತಿಯಲ್ಲಿ ಈ ಜರ್ನಲ್ ಇಲ್ಲವೇ ಇಲ್ಲ. ಅದು ಫೈಲು ಸಾಗಿಸುವುದಕ್ಕೆ ಇರಲಿ. ನಿತ್ಯ ಕೆಲಸ ಮಾಡುವ ಡಿಸ್ಕು ಎನ್‌ಟಿಎಫ್‌ಎಸ್ ಆಗಿರಲಿ. ಸಾಗಿಸುವ ಡಿಸ್ಕನ್ನು ಕೀಳುವಾಗ ‘ಸುರಕ್ಷಿತವಾಗಿ ತೆಗೆಯಿರಿ’ ಒತ್ತದೆ ವೈರು ಎಳೆಯಬೇಡ.

ಡಿಸ್ಕು ಟಿಕ್ ಟಿಕ್ ಎನ್ನುತ್ತಿದ್ದರೆ, ಒಂದು ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ತೆಗೆದುಕೊಂಡರೆ, ದಯವಿಟ್ಟು ವಿಂಡೋಸಿನ ಡಿಸ್ಕು ರಿಪೇರಿ ತಂತ್ರಾಂಶವಾದ ಚೆಕ್‌ಡಿಸ್ಕ್ ಓಡಿಸಬೇಡ. ಅಂಗಡಿಯ ಹುಡುಗರು ಮೊದಲು ಮಾಡುವುದೇ ಅದನ್ನು, ನನಗೆ ಅದಕ್ಕೇ ಸಿಟ್ಟು. ಅದರ ಕೆಲಸ ಪಟ್ಟಿಯನ್ನು ಸರಿಮಾಡುವುದು, ನಿನ್ನ ಫೋಟೋ ಉಳಿಸುವುದಲ್ಲ. ಪಟ್ಟಿಗೆ ಹೊಂದದ್ದನ್ನು ಕತ್ತರಿಸಿ ಫೌಂಡ್.000 ಎಂಬ ಫೋಲ್ಡರಿನಲ್ಲಿ ಹೆಸರಿಲ್ಲದ ತುಂಡುಗಳಾಗಿ ಎಸೆಯುತ್ತದೆ. ಸಾಯುತ್ತಿರುವ ಡಿಸ್ಕನ್ನು ಅಷ್ಟು ಹೊತ್ತು ದುಡಿಸಿದರೆ ಅದು ಇನ್ನೂ ಬೇಗ ಸಾಯುತ್ತದೆ. ಮೊದಲು ಡಿಡಿರೆಸ್ಕ್ಯೂನಂತಹ ತಂತ್ರಾಂಶದಿಂದ ಇಡೀ ಡಿಸ್ಕಿನ ನಕಲು ತೆಗೆ. ರಿಪೇರಿ ಏನಿದ್ದರೂ ಆ ನಕಲಿನ ಮೇಲೆ. ಡಿಸ್ಕು ಆರೋಗ್ಯವಾಗಿದ್ದು ಬರೀ ಕರೆಂಟು ಹೋಗಿದ್ದರೆ ಚೆಕ್‌ಡಿಸ್ಕ್ ಓಡಿಸಬಹುದು. ಆಗಲೂ ಮೊದಲು ಆ ಹೆಸರಿನ ಮುಂದೆ ಬೇರೆ ಯಾವ ಸೂಚನೆಯನ್ನೂ ಸೇರಿಸದೆ ಓಡಿಸು. ಹಾಗೆ ಓಡಿಸಿದಾಗ ಅದು ಓದಿ ವರದಿ ಕೊಡುತ್ತದೆ, ಏನನ್ನೂ ತಿದ್ದುವುದಿಲ್ಲ.

ಕರೆಂಟು ಇದ್ದಾಗಲೂ ನೀಲಿ ಪರದೆ ಬಂದು ನಿಲ್ಲುತ್ತಿದೆಯೇ? ಹಾಗಿದ್ದರೆ ರ‍್ಯಾಮ್ ಮೇಲೆ ಅನುಮಾನಪಡು. ಮೆಮೊರಿ ಪರೀಕ್ಷೆಯನ್ನು ರಾತ್ರಿಯಿಡೀ ಓಡಿಸು. ಕೆಟ್ಟ ರ‍್ಯಾಮ್ ಡಿಸ್ಕಿಗೆ ಕಳುಹಿಸುವ ಮೊದಲೇ ಫೈಲನ್ನು ಕೆಡಿಸಿರುತ್ತದೆ, ಯಾವ ಜರ್ನಲ್ಲೂ ಅದನ್ನು ಹಿಡಿಯಲಾರದು.

ಒಂದೇ ಫೈಲನ್ನು ಎರಡರಲ್ಲೂ ಒಟ್ಟಿಗೆ ಬರೆಯುವ ಜೋಡಿ ಡಿಸ್ಕು ಹಾಕಿಸಿದರೆ ಸಾಕು ಎಂದು ಯಾರಾದರೂ ಹೇಳಿದರೆ ನಂಬಬೇಡ. ಒಂದರಲ್ಲಿ ಕೆಟ್ಟು ಬರೆದದ್ದು ಇನ್ನೊಂದರಲ್ಲೂ ಹಾಗೆಯೇ ಬರೆದಿರುತ್ತದೆ. ಬೇರೆ ಡಿಸ್ಕಿನಲ್ಲಿ ಒಂದು ಪ್ರತಿ ಮಾಡಿ ಮನೆಯಲ್ಲಿಡು. ಅಲ್ಲಿಯವರೆಗೆ ಕ್ಯಾಮೆರಾ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಡ.

ಇವೆಲ್ಲಕ್ಕಿಂತ ಅಗ್ಗದ ಉಪಾಯ ಯುಪಿಎಸ್. ಯುಎಸ್‌ಬಿ ವೈರಿನಿಂದ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸಿ ತಾನೇ ಶಟ್‌ಡೌನ್ ಮಾಡಿಸುವಂಥದ್ದನ್ನೇ ಕೊಳ್ಳು. ಇನ್ವರ್ಟರ್ ಇದೆಯಲ್ಲ ಎನ್ನುತ್ತೀಯೇನೋ. ಕರೆಂಟು ಹೋಗಿ ಇನ್ವರ್ಟರ್ ಹಿಡಿದುಕೊಳ್ಳುವ ಆ ಕಣ್ಣು ಮಿಟುಕಿಸುವಷ್ಟು ಹೊತ್ತಿನಲ್ಲೇ ಕಂಪ್ಯೂಟರ್ ಆರಬಹುದು. ಅದರ ಮೇಲೆ ‘ಯುಪಿಎಸ್’ ಎಂದು ಬರೆದ ಸ್ವಿಚ್ಚಿದೆಯೇ ನೋಡು. ಇದ್ದರೆ ಆ ಕಡೆಗೆ ಒತ್ತಿಡು. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ಎಷ್ಟು ದಿನವಾಯಿತೆಂದು ನಿನ್ನಪ್ಪನನ್ನೂ ಒಂದು ಮಾತು ಕೇಳು.

ಇಂತು,
ನಿನ್ನ ದೊಡ್ಡಪ್ಪ